ಕಡಲಿಲ್ಲದ ಊರಿನ ಮುತ್ತಿನ ಚಿಪ್ಪು: ಬೀದರದ ರಂಗೀನ್ ಮಹಲು

ಕಡಲನ್ನು ಕಾಣಬೇಕೆಂದರೆ ಬೀದರದ ಜನ ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಬೇಕು. ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಅಡಿಗಳ ಎತ್ತರದಲ್ಲಿ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತಿರುವ ಊರು ಇದು. ಇಲ್ಲಿ ಬೀಸುವ ಗಾಳಿಗೆ ಉಪ್ಪಿನ ವಾಸನೆಯಿಲ್ಲ. ಹೀಗಿದ್ದರೂ ಇಲ್ಲಿನ ಕೋಟೆಯೊಳಗೆ, ಗುಂಬಜ್ ದರವಾಜವನ್ನು ದಾಟಿದ ಮೇಲೆ ಸಿಗುವ ಒಂದು ಅರಮನೆಯ ಒಳಬಾಗಿಲಲ್ಲಿ ಕಡಲು ತನ್ನ ಗುರುತನ್ನು ಉಳಿಸಿದೆ. ಎಣ್ಣೆ ಸವರಿದಂತೆ ಮಿರುಗುವ ಕರಿಕಲ್ಲು. ಅದರ ಮೈಯಲ್ಲಿ ಬಳ್ಳಿ, ಹೂವು, ಕೋನಾಕೃತಿಗಳಾಗಿ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳು. ಆ ಅರಮನೆಯೇ ರಂಗೀನ್ ಮಹಲು, ಎಂದರೆ ಬಣ್ಣದ ಅರಮನೆ.

ನಾನು ಅದನ್ನು ನೋಡಲು ಹೋದ ಮುಂಜಾವಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದವರು ಔರಾದ ಕಡೆಯ ಒಬ್ಬ ಅಜ್ಜಿ ಮತ್ತು ಆಕೆಯ ಮೊಮ್ಮಗ. ಕಾವಲುಗಾರನು ಬೀಗ ತೆಗೆದು, ತನ್ನ ಮೊಬೈಲಿನ ದೀಪವನ್ನು ಬಾಗಿಲ ಚೌಕಟ್ಟಿನ ಮೇಲೆ ಓರೆಯಾಗಿ ಹಿಡಿದನು. ಕತ್ತಲೆಯಲ್ಲಿ ಸುಮ್ಮನಿದ್ದ ಕಲ್ಲು ತಟ್ಟನೆ ಕಣ್ಣು ಬಿಟ್ಟಿತು. ಬಿಳಿ, ಎಳೆಗೆಂಪು, ನವಿಲಗರಿಯ ಹಸುರು ಒಂದರ ಹಿಂದೊಂದು ಮಿಂಚಿ ಹೋದವು.

“ಆಯೀ, ಇವು ಗಾಜಿನ ಚೂರೇನ?” ಎಂದನು ಹುಡುಗ.

“ನನಗೇನ್ ಗೊತ್ತೋ ಯಪ್ಪಾ. ಕೈ ಮಾತ್ರ ಹಚ್ಚಬ್ಯಾಡ.”

“ಗಾಜಲ್ಲರೀ ಅಮ್ಮಾ, ಸಮುದ್ರದಾಗಿನ ಸಿಂಪು” ಎಂದು ಕಾವಲುಗಾರ ಹೇಳಿದನು.

ಅಜ್ಜಿ ಕ್ಷಣಕಾಲ ಸುಮ್ಮನಿದ್ದು, “ಸಮುದ್ರದಾಗಿಂದು ಇಲ್ಲಿಗೆ ಹ್ಯಾಂಗ ಬಂತು?” ಎಂದಳು. ಪಂಡಿತರೂ ಕೇಳಬಹುದಾದ ಪ್ರಶ್ನೆ ಅದು.

ಮೂರು ಕಡಲಾಚೆಯಿಂದ

ಇಂದು ಭಾಲ್ಕಿಯ ಮೇಲೆ ರೈಲಿನಲ್ಲಿ ಬರುವವರಿಗೆ ಬೀದರವು ರಾಜ್ಯದ ಉತ್ತರದ ತುದಿಯ ಒಂದು ಜಿಲ್ಲಾಪಟ್ಟಣ. ಆದರೆ ಹದಿನೈದನೆಯ ಶತಮಾನದಲ್ಲಿ ಅದು ದಖ್ಖನಿನ ರಾಜಧಾನಿ. ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯನ್ನು ಬಿಟ್ಟು ಇಲ್ಲಿಗೆ ಬಂದು, ಬಂಡೆಯಲ್ಲೇ ಕಡಿದ ಮೂರು ಸುತ್ತಿನ ಕಂದಕದೊಡನೆ ಕೋಟೆಯನ್ನು ಕಟ್ಟಿಸಿದನು. ಆ ಕೆಲಸ ೧೪೩೨ರಲ್ಲಿ ಮುಗಿಯಿತು. ಪಶ್ಚಿಮ ಕರಾವಳಿಯ ದಾಭೋಳ, ಚೌಲ ಮೊದಲಾದ ಬಂದರುಗಳಿಂದ ಘಟ್ಟವನ್ನೇರಿ ಬರುವ ದಾರಿಗಳು ಅಂದಿನಿಂದ ಬೀದರದ ಕಡೆಗೆ ತಿರುಗಿದವು. ಕ್ಯಾಸ್ಪಿಯನ್ ಕಡಲ ದಂಡೆಯ ಗೀಲಾನಿನಿಂದ ಹೊರಟ ಮಹಮೂದ್ ಗಾವಾನನು ೧೪೫೩ರಲ್ಲಿ ದಾಭೋಳದಲ್ಲಿ ಹಡಗಿಳಿದು ಇಲ್ಲಿಗೆ ಬಂದದ್ದು ವ್ಯಾಪಾರಿಯಾಗಿ. ಮುಂದೆ ಅವನೇ ರಾಜ್ಯದ ಪ್ರಧಾನಿಯಾದನು, ೧೪೭೨ರಲ್ಲಿ ಗೋವೆಯನ್ನು ಗೆದ್ದುಕೊಟ್ಟನು.

ಸುಮಾರು ೧೪೭೦ರಲ್ಲಿ ಇದೇ ಊರಿಗೆ ರಷ್ಯದ ಟ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನನೂ ಬಂದನು. ಮಾರಾಟಕ್ಕೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದು, ಚೌಲದಲ್ಲಿ ಇಳಿದು, ಜುನ್ನರದ ಮೇಲೆ ನಡೆದು ಬಂದ ಸಾಹಸಿ ಅವನು. ಕುದುರೆ ಕೊನೆಗೆ ಮಾರಾಟವಾದದ್ದು ಬೀದರದಲ್ಲಿಯೇ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳೆಂದೂ, ಒಂದೊಂದರಲ್ಲಿಯೂ ಕಾವಲುಗಾರರಲ್ಲದೆ ಒಳಹೋಗುವವರ, ಹೊರಬರುವವರ ಹೆಸರನ್ನು ಬರೆದುಕೊಳ್ಳಲು ಗುಮಾಸ್ತರೂ ಕುಳಿತಿರುವರೆಂದೂ ಅವನು ಬರೆದಿಟ್ಟಿದ್ದಾನೆ. (ದಫ್ತರದ ಪದ್ಧತಿ ಈ ಊರಿಗೆ ಹೊಸದಲ್ಲವೆಂದಾಯಿತು!) ಅವನ ಪ್ರವಾಸಕಥನದ ಹೆಸರೇ ‘ಮೂರು ಕಡಲುಗಳಾಚೆಯ ಯಾನ’. ೧೯೫೭ರಲ್ಲಿ ನರ್ಗಿಸ್ ನಟಿಸಿದ ‘ಪರದೇಸಿ’ ಎಂಬ ಹಿಂದಿ-ರಷ್ಯನ್ ಚಿತ್ರವನ್ನು ಹಿರಿಯ ವಾಚಕರು ಮರೆತಿರಲಾರರು. ಅದರ ಕಥಾನಾಯಕ ಈ ನಿಕಿತಿನನೇ. ಕುದುರೆಯೇ ಕಡಲು ದಾಟಿ, ಘಟ್ಟ ಹತ್ತಿ ಬಂದಮೇಲೆ ಅದೇ ದಾರಿಯಲ್ಲಿ ಹಿಡಿಯಷ್ಟು ಚಿಪ್ಪು ಬರುವುದೇನು ಹೆಚ್ಚು?

ರಂಗೀನ್ ಮಹಲಿಗೆ ಈಗಿನ ಚೆಲುವನ್ನು ಕೊಟ್ಟವನು ಬಹಮನಿ ಸುಲ್ತಾನನಲ್ಲ, ಅವರ ತರುವಾಯ ಬಂದ ಬರೀದ್ ಶಾಹಿ ವಂಶದ ಅಲಿ ಬರೀದನು. ೧೫೪೨ರಿಂದ ೧೫೮೦ರ ವರೆಗೆ ಆಳಿದ ಅವನ ರಾಜ್ಯ ಕಿರಿದು. ಬಿಜಾಪುರ, ಅಹಮದನಗರ, ಗೋಲ್ಕೊಂಡಗಳ ನಡುವೆ ಸಿಕ್ಕಿಕೊಂಡ ಅಂಗೈಯಗಲದ ನಾಡು. ವಿಜಯನಗರದ ಮೇಲೆ ೧೫೬೫ರಲ್ಲಿ ಒಂದುಗೂಡಿದ ಸುಲ್ತಾನರಲ್ಲಿ ಅವನೂ ಒಬ್ಬ. ರಾಜ್ಯವನ್ನು ಹಿಗ್ಗಿಸಲಾರದವನು ಒಂದು ಕೋಣೆಯನ್ನು ಸಿಂಗರಿಸಿದನೆಂದು ನನಗೆ ತೋರುತ್ತದೆ. ಇದು ಒಡ್ಡೋಲಗದ ಸಭೆಯಲ್ಲ, ಅರಸನ ಖಾಸಗಿ ಅರಮನೆ. ಮುಂದಿನ ಹಜಾರದಲ್ಲಿ ಕೆತ್ತನೆಯ ಮರದ ಕಂಬಗಳೂ ಬೋದಿಗೆಗಳೂ ಇವೆ. ನಮ್ಮ ಕಡೆಯ ಹಳೆಯ ತೊಟ್ಟಿಮನೆಯ ಬಡಗಿಯ ಕೈಯನ್ನು ಅಲ್ಲಿ ಗುರುತಿಸಬಹುದು. ಗೋಡೆಗಳಲ್ಲಿ ಇರಾನಿನ ಮಾದರಿಯ ಬಣ್ಣದ ಹೆಂಚುಗಳು. ಒಳಬಾಗಿಲಲ್ಲಿ ಕರಿಕಲ್ಲು, ಚಿಪ್ಪು. ಅದರ ಮೇಲೆ ಚಿಪ್ಪಿನಿಂದಲೇ ಬರೆದ ಪಾರಸಿ ಪದ್ಯ. ಹೀಗೆ ಬಡಗಿಯ ಕನ್ನಡ ನಾಡು, ಕುಂಬಾರನ ಇರಾನು, ಮುಳುಗುಗಾರನ ಕಡಲು ಮೂರೂ ಒಂದೇ ಹೊಸ್ತಿಲಲ್ಲಿ ಕೂಡಿವೆ.

ಬಿಜಾಪುರದವರು ೧೬೧೯ರಲ್ಲಿ ಬೀದರವನ್ನು ಕಟ್ಟಿಕೊಂಡರು. ೧೬೫೭ರಲ್ಲಿ ಔರಂಗಜೇಬನು ಕೋಟೆಯನ್ನು ಹಿಡಿದನು. ಅನಂತರ ನಿಜಾಮರ ಕಾಲ. ಅರಸನಿಲ್ಲದ ಅರಮನೆ ಏನಾಗಬೇಕು?

ಅಡಿಗೆಮನೆಯು ಸೆರೆಮನೆಯಾದದ್ದು

ಈ ಪ್ರಶ್ನೆಗೆ ಬೀದರದಲ್ಲಿ ಒಂದೊಂದು ಕಟ್ಟಡವೂ ಒಂದೊಂದು ಉತ್ತರವನ್ನು ಹೇಳುತ್ತದೆ. ರಂಗೀನ್ ಮಹಲಿನಿಂದ ಕೆಲವೇ ಹೆಜ್ಜೆ ದೂರದ ಶಾಹೀ ಮತಬಖ್, ಎಂದರೆ ಅರಸರ ಅಡಿಗೆಮನೆ, ಒಂದು ಕಾಲದಲ್ಲಿ ಸೆರೆಮನೆಯಾಗಿತ್ತು. ಅದರ ಬಳಿಯ ಸ್ನಾನಗೃಹ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಾಯಿತು. ಅರಸರು ಮೈತೊಳೆದ ಕೋಣೆಗಳಲ್ಲಿ ಇಂದು ಹಳೆಯ ಶಿಲ್ಪಗಳೂ ಆಯುಧಗಳೂ ಇವೆ. ಗಗನ ಮಹಲಿನಲ್ಲಿ ಅಂತಃಪುರದವರು ನಿಂತು ಕಂದಕದಲ್ಲಿ ನಡೆಯುತ್ತಿದ್ದ ಮೃಗಗಳ ಕಾಳಗವನ್ನು ನೋಡುತ್ತಿದ್ದರೆಂದು ಹೇಳುವರು. ಆ ವಿನೋದವೇನೋ ಹೋಯಿತು, ಹೋದದ್ದೇ ಒಳ್ಳೆಯದು.

ಎಲ್ಲಕ್ಕಿಂತ ಘೋರವಾದ ಉದಾಹರಣೆ ಕೋಟೆಯ ಹೊರಗಿನ ಊರಿನಲ್ಲಿದೆ. ಮಹಮೂದ್ ಗಾವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸದ ಪುಸ್ತಕ ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ಅದರ ಮುಂಭಾಗವನ್ನು ಮುಚ್ಚಿದ್ದ ಬಣ್ಣದ ಹೆಂಚುಗಳಲ್ಲಿ ಉಳಿದಷ್ಟನ್ನು ನೋಡಿದರೂ ಕಣ್ಣು ತಣಿಯುತ್ತದೆ. ಔರಂಗಜೇಬನ ಕಾಲದಲ್ಲಿ ಅಲ್ಲಿ ಸೈನಿಕರನ್ನಿಟ್ಟರು, ಮದ್ದನ್ನೂ ತುಂಬಿದರು. ೧೬೯೬ರಲ್ಲಿ ಆ ಮದ್ದು ಸಿಡಿದು ಮದರಸದ ದೊಡ್ಡ ಭಾಗವನ್ನೂ ಅದರ ಒಂದು ಮಿನಾರನ್ನೂ ಹಾರಿಸಿಬಿಟ್ಟಿತು. ಬರಿದಾದ ಕಟ್ಟಡ ಹಾಳಾಗುವುದೆಂದು ನಾವು ಹೇಳುವುದುಂಟು; ಗಾವಾನನ ಮದರಸ ಹಾಳಾದದ್ದು ತುಂಬಿದ್ದರಿಂದ.

ರಂಗೀನ್ ಮಹಲಿಗೆ ಅಂತಹ ಗತಿ ಬರಲಿಲ್ಲ. ಆದರೆ ಹೆಂಚುಗಳು ಉದುರಿದವು, ಚಿಪ್ಪಿನ ಚೂರುಗಳು ಕಿತ್ತುಹೋದ ಕಡೆ ಕರಿಕಲ್ಲಿನಲ್ಲಿ ಖಾಲಿ ಗುಳಿಗಳು ಉಳಿದವು.

ಜೀರ್ಣೋದ್ಧಾರವೆಂಬ ಮಾತು

೧೯೧೪ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಹುಟ್ಟಿತು. ಅದರ ಮೊದಲ ನಿರ್ದೇಶಕರಾದ ಗುಲಾಂ ಯಜ್ದಾನಿಯವರು ಅಜಂತೆಯನ್ನು ಎಷ್ಟು ಪ್ರೀತಿಸಿದರೋ ಬೀದರವನ್ನೂ ಅಷ್ಟೇ ಪ್ರೀತಿಸಿದವರು. ಕೋಟೆಯೊಳಗೆ ಮಣ್ಣು ಕಲ್ಲುಗಳ ರಾಶಿಯಡಿ ಹೂತುಹೋಗಿದ್ದ ಅರಮನೆಗಳನ್ನು ಇಲಾಖೆ ಬಿಡಿಸಿತು, ಬೀಳಲಿದ್ದ ಗೋಡೆಗಳಿಗೆ ಆಸರೆ ಕೊಟ್ಟಿತು. ಯಜ್ದಾನಿಯವರ ‘ಬೀದರ್: ಇಟ್ಸ್ ಹಿಸ್ಟರಿ ಅಂಡ್ ಮಾನ್ಯುಮೆಂಟ್ಸ್’ ಎಂಬ ಹೆಬ್ಬೊತ್ತಿಗೆ ೧೯೪೭ರಲ್ಲಿ ಅಚ್ಚಾಯಿತು, ಇಂದಿಗೂ ಈ ಕೋಟೆಯಲ್ಲಿ ಕಲ್ಲು ಮುಟ್ಟುವವರು ಮೊದಲು ತೆರೆಯಬೇಕಾದದ್ದು ಆ ಪುಸ್ತಕವನ್ನೇ. ಮರುವರ್ಷ ಸಂಸ್ಥಾನ ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ವಿಶಾಲ ಮೈಸೂರಿಗೆ ಬಂದಿತು. ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟಿತು.

ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಊರವರೆಲ್ಲ ಸೇರಿ ಹಳೆಯ ಗುಡಿಯನ್ನು ಹೊಸತು ಮಾಡುವುದು. ಗಾರೆ ಹೋದಲ್ಲಿ ಸಿಮೆಂಟು, ಬಣ್ಣ ಮಾಸಿದಲ್ಲಿ ಹೊಳೆಯುವ ಪೇಂಟು, ನೆಲಕ್ಕೆ ಗ್ರಾನೈಟು. ದೇವರಿಗೆ ಅದು ಒಪ್ಪುವುದಿರಬಹುದು. ಪೂಜೆ ನಡೆಯುತ್ತಿರುವ ಮನೆ ಅದು. ಆದರೆ ರಂಗೀನ್ ಮಹಲಿನ ಬಾಗಿಲಿಗೆ ಈ ನ್ಯಾಯ ಸಲ್ಲದು. ಕಿತ್ತುಹೋದ ಗುಳಿಗಳಲ್ಲಿ ಇಂದು ಹೊಸ ಚಿಪ್ಪನ್ನು ತುಂಬುವುದು ಕಷ್ಟವಲ್ಲ. ಕೈಯಿರುವವರು ಇದ್ದಾರೆ, ಚಿಪ್ಪೂ ಸಿಗುತ್ತದೆ. ಹಾಗೆ ತುಂಬಿದ ಮರುದಿನದಿಂದ ಯಾವ ಬಳ್ಳಿ ಹದಿನಾರನೆಯ ಶತಮಾನದ್ದು, ಯಾವುದು ನಿನ್ನೆಯದು ಎಂದು ಹೇಳುವವರು ಯಾರು? ೧೯೨೩ರಲ್ಲಿ ಸರ್ ಜಾನ್ ಮಾರ್ಷಲ್ ಪುರಾತತ್ತ್ವ ಇಲಾಖೆಯವರಿಗಾಗಿ ಬರೆದ ಕೈಪಿಡಿಯ ತಿರುಳೇ ಇದು: ಇರುವುದನ್ನು ಬೀಳದಂತೆ ಹಿಡಿಯಬೇಕು, ಇಲ್ಲದ್ದನ್ನು ಊಹಿಸಿ ಹಚ್ಚಬಾರದು. ಖಾಲಿ ಗುಳಿಯನ್ನು ಖಾಲಿಯಾಗಿ ಬಿಡಲು ಕೆಲವೊಮ್ಮೆ ತುಂಬುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗುತ್ತದೆ.

ಹಿಡಿಯುವ ಕೆಲಸವೂ ಸುಲಭವಲ್ಲ. ಬಣ್ಣದ ಹೆಂಚಿನ ಶತ್ರು ಮಳೆಯಲ್ಲ, ಗೋಡೆಯೊಳಗೆ ಇಳಿದ ತೇವ. ಆ ತೇವ ಆರುವಾಗ ಗೋಡೆಯಲ್ಲಿನ ಲವಣವನ್ನು ಹೊರಕ್ಕೆಳೆದು ತರುತ್ತದೆ. ಲವಣ ಹರಳುಗಟ್ಟಿ ಹಿಗ್ಗಿದಾಗ ಹೆಂಚಿನ ಹೊಳಪು ಹೊಟ್ಟಿನಂತೆ ಎದ್ದು ಉದುರುತ್ತದೆ. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ತೇವಕ್ಕೆ ಬೇರೆ ದಾರಿಯಿಲ್ಲದೆ ಅದು ಹೆಂಚಿನ ಕಡೆಗೇ ನುಗ್ಗುವುದು. ಆದುದರಿಂದಲೇ ತಿಳಿದವರು ಸುಣ್ಣದ ಗಾರೆಗೆ ಮರಳುವರು. ಸುಣ್ಣವನ್ನು ದಿನಗಟ್ಟಲೆ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆದ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೆ ಗೋಡೆಯನ್ನು ಉಸಿರಾಡಗೊಡುತ್ತದೆ. ಮರದ ಕಂಬಗಳಿಗೆ ಗೆದ್ದಲಿನ ಭಯ. ಇನ್ನು ಚಿಪ್ಪಿಗೋ ಹುಳಿಯ ಭಯ. ಅದೂ ಒಂದು ಬಗೆಯ ಸುಣ್ಣವೇ ಆದುದರಿಂದ ಬಾಗಿಲನ್ನು ಬೆಳಗುತ್ತೇವೆಂದು ಹುಣಿಸೆಹಣ್ಣು ಹಿಡಿದು ಹೊರಟರೆ ಹೊಳಪೇ ಕರಗಿಹೋದೀತು. ಸಾವಿರ ಕೈಗಳ ಬೆವರೂ ಇದಕ್ಕೆ ಸಹಾಯ ಮಾಡದು. ಅಜ್ಜಿಯು ಮೊಮ್ಮಗನಿಗೆ ಹೇಳಿದ ಮಾತು ಶಾಸ್ತ್ರಸಮ್ಮತವಾದದ್ದು.

ಬೀಗದ ಪ್ರಶ್ನೆ

ಹೀಗಾಗಿ ಬಹುಕಾಲದಿಂದ ರಂಗೀನ್ ಮಹಲಿನ ಪ್ರಮುಖ ಕಾವಲು ಒಂದು ಬೀಗ. ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ, ಸಿಬ್ಬಂದಿಯ ಬಿಡುವು ನೋಡಿ, ಬೀಗ ತೆಗೆಸಿಕೊಂಡು ನೋಡುವುದು ವಾಡಿಕೆ. ಬೀಗವಿಲ್ಲದಿದ್ದರೆ ಗೋಡೆಯ ಮೇಲೆ ಪ್ರೇಮಿಗಳ ಹೆಸರುಗಳು ಮೂಡಲು ಒಂದು ಭಾನುವಾರ ಸಾಕು. ಆದರೆ ಬೀಗ ಹಾಕಿದ ಕಟ್ಟಡ ಊರಿನ ಮನಸ್ಸಿನಿಂದ ಮರೆಯಾಗುವುದೂ ಅಷ್ಟೇ ನಿಜ. ಕೋಟೆಗೆ ನೂರು ಸಲ ಬಂದೂ ರಂಗೀನ್ ಮಹಲಿನ ಒಳಬಾಗಿಲನ್ನು ಕಾಣದ ಬೀದರದವರನ್ನು ನಾನು ಬಲ್ಲೆ. ತಾವು ಕಾಣದ ವಸ್ತುವಿನ ಮೇಲೆ ಅವರಿಗೆ ಅಕ್ಕರೆ ಹುಟ್ಟುವುದು ಹೇಗೆ? ಕಾನೂನಂತೂ ಅವರ ಮನೆಬಾಗಿಲಿಗೇ ಬಂದು ನಿಂತಿದೆ. ೧೯೫೮ರ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ ಇನ್ನೂರು ಮೀಟರಿಗೆ ಅಪ್ಪಣೆ ಬೇಕು. ಹಳೆಯ ಊರಿನಲ್ಲಿ ಒಂದು ಮಾಳಿಗೆ ಎತ್ತಲಾರದ ಸಂಸಾರಕ್ಕೆ ಸ್ಮಾರಕವು ಹೆಮ್ಮೆಯ ವಸ್ತುವಾಗುವ ಮೊದಲು ತಲೆನೋವಾಗಿರುತ್ತದೆ. ೨೦೧೪ರಲ್ಲಿ ಬೀದರ ನಗರ ವಿಶ್ವ ಸ್ಮಾರಕ ನಿಧಿಯವರ ಎಚ್ಚರಿಕೆಯ ಪಟ್ಟಿಯಲ್ಲಿ ಸೇರಿತು. ಅದೇ ವರ್ಷ ದಖ್ಖನಿ ಸುಲ್ತಾನರ ಕೋಟೆ ಕಟ್ಟಡಗಳ ಸಾಲಿನಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಏರಿತು. ಪಟ್ಟಿಗಳು ಬೇಕು, ಆದರೆ ಮಾಳಿಗೆಯ ಆಸೆ ಬಿಟ್ಟವನಿಗೆ ಒಳಬಾಗಿಲನ್ನಾದರೂ ತೋರಿಸುವುದು ಅದಕ್ಕಿಂತ ಮೊದಲ ಕೆಲಸ.

ಬೇರೆ ಕಡೆಯವರು ಏನು ಮಾಡಿದ್ದಾರೆ? ಇಂಗ್ಲೆಂಡಿನ ಸಸೆಕ್ಸ್ ಕರಾವಳಿಯ ಬೆಕ್ಸ್‌ಹಿಲ್ ಎಂಬ ಊರಿನಲ್ಲಿ ಕಡಲಿಗೆ ಮುಖಮಾಡಿ ಡಿ ಲಾ ವಾರ್ ಪೆವಿಲಿಯನ್ ಎಂಬ ವಿನೋದಮಂದಿರವಿದೆ. ನಾಟ್ಸಿಗಳ ಜರ್ಮನಿಯಿಂದ ಪಾರಾಗಿ ಬಂದ ಎರಿಕ್ ಮೆಂಡೆಲ್ಸನ್ ಮತ್ತು ಅವನ ಜೊತೆಗಾರ ಸರ್ಜ್ ಚೆರ್ಮಯೆಫ್ ರಚಿಸಿದ ಅದು ೧೯೩೫ರಲ್ಲಿ ತೆರೆಯಿತು. ನಾಟಕ, ನೃತ್ಯ, ವಾಚನಾಲಯ, ಬಿಸಿಲು ಕಾಯಿಸಲು ಮೊಗಸಾಲೆ ಎಲ್ಲವೂ ಸಾಮಾನ್ಯ ಜನರಿಗಾಗಿ. ಕಡಲಗಾಳಿಯ ಉಪ್ಪು ಅದರ ಉಕ್ಕಿನ ಎಲುಬುಗಳನ್ನು ತಿಂದಿತು. ಕಾಲ ಬದಲಾದಂತೆ ಜನರೂ ಕಡಮೆಯಾದರು. ಊರವರು ಕಟ್ಟಡವನ್ನು ಬಿಟ್ಟುಕೊಡಲಿಲ್ಲ. ರಿಪೇರಿಯಾಗಿ ೨೦೦೫ರಲ್ಲಿ ಅದು ಕಲಾಶಾಲೆಯಾಗಿಯೂ ಸಂಗೀತ ಸಭೆಯಾಗಿಯೂ ಮರಳಿ ತೆರೆಯಿತು. ನಮ್ಮಲ್ಲಿಯೇ ಮೈಸೂರಿನ ಜಗನ್ಮೋಹನ ಅರಮನೆ ೧೮೬೧ರಲ್ಲಿ ಅರಸರ ವಾಸಕ್ಕೆಂದು ಎದ್ದು, ೧೯೧೫ರಲ್ಲಿ ಚಿತ್ರಶಾಲೆಯಾಯಿತು. ಅದರ ಸಭಾಂಗಣದಲ್ಲಿ ಹಾಡು, ನೃತ್ಯ, ಸಭೆಗಳು ನಡೆದುಬಂದಿವೆ. ಆದರೆ ಇವು ನೂರಾರು ಜನರಿಗಾಗಿ ಹುಟ್ಟಿದ ಮನೆಗಳು. ರಂಗೀನ್ ಮಹಲು ಒಬ್ಬ ಅರಸನ ಒಳಮನೆ. ಅದರೊಳಗೆ ವೇದಿಕೆ ಹಾಕಿ ಧ್ವನಿವರ್ಧಕ ಕಟ್ಟಿದರೆ ಗಾವಾನನ ಮದರಸದಲ್ಲಿ ಮದ್ದು ತುಂಬಿದವರ ವಿವೇಕವನ್ನೇ ನಾವೂ ತೋರಿದಂತಾದೀತು.

ಜನಸಂದಣಿಯ ಉತ್ಸವಕ್ಕೆ ಕೋಟೆಯ ಬಯಲಿದೆ. ಬೀದರ ಉತ್ಸವ ಅಲ್ಲಿ ನಡೆದದ್ದುಂಟು. ೨೦೨೩ರ ಜನವರಿಯಲ್ಲಿ ನಡೆದಾಗ ಭಾಲ್ಕಿ, ಔರಾದ, ಹುಮನಾಬಾದುಗಳಿಂದಲೂ ಜನ ಬಂದರು. ಅದು ಬಯಲಿನಲ್ಲೇ ಇರಲಿ. ನಾಟಕಕ್ಕೆ ಊರಿನಲ್ಲಿ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನ ರಂಗಮಂದಿರವೇ ಇದೆ. ಭಾಲ್ಕಿ ಹಿರೇಮಠದ ಆ ಸ್ವಾಮಿಗಳು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಹಲಗೆ ತೂಗಿಸಿ ಒಳಗೆ ಕನ್ನಡ ಕಲಿಸಿದವರೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಹೊರಗಿನ ಹಲಗೆ ಒಂದು, ಒಳಗಿನ ಬದುಕು ಇನ್ನೊಂದು! ಹಾಗೆ ನೋಡಿದರೆ ಕಟ್ಟಡವನ್ನು ಹೊಸ ಕೆಲಸಕ್ಕೆ ಒಗ್ಗಿಸುವ ವಿದ್ಯೆ ಈ ಜಿಲ್ಲೆಗೆ ಹೊಸದೇನೂ ಅಲ್ಲ.

ಹಾಗಾದರೆ ರಂಗೀನ್ ಮಹಲಿಗೆ ತಕ್ಕ ಕೆಲಸ ಯಾವುದು? ನನ್ನ ಮಟ್ಟಿಗೆ ಅದು ಪಾಠಶಾಲೆ. ಬಿದರಿ ಕಸುಬನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಬಳಿಕ ನವಸಾಗರದೊಡನೆ ಇದೇ ಕೋಟೆಯ ಹಳೆಯ ಮಣ್ಣನ್ನು ಕಲಸಿ ಬಿಸಿಮಾಡಿ ಹಚ್ಚಿದರೆ ಲೋಹ ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕರಿಕಲ್ಲಿನಲ್ಲಿ ಚಿಪ್ಪು, ಕರಿಲೋಹದಲ್ಲಿ ಬೆಳ್ಳಿ: ಅಕ್ಕತಂಗಿಯರಂತಿರುವ ಎರಡು ಕಲೆಗಳು. ಬಿದರಿಯ ಹಿರಿಯ ಕುಶಲಿ ಷಾ ರಷೀದ್ ಅಹಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಸಂದಿತು. ಆ ಕಸುಬನ್ನು ಕಲಿಯುವ ಹುಡುಗರನ್ನು ವಾರಕ್ಕೊಮ್ಮೆ ಐದಾರು ಮಂದಿಯಂತೆ ಈ ಬಾಗಿಲ ಮುಂದೆ ಕೂರಿಸಿ ಬಳ್ಳಿಗಳನ್ನು ಕಾಗದದ ಮೇಲೆ ಬರೆಯಿಸಬೇಕು. ಔರಾದ, ಭಾಲ್ಕಿಗಳ ಶಾಲೆಯ ಮಕ್ಕಳು ಸರದಿಯ ಮೇಲೆ ಹತ್ತು ಹತ್ತಾಗಿ ಬಂದು ಒಂದು ಅಡ್ಡಗಂಬಿಯ ಹಿಂದೆ ನಿಂತು ನೋಡಬೇಕು. ಬೀಗ ಇರಲಿ, ಅದನ್ನು ತೆಗೆಯುವ ಗಳಿಗೆಯನ್ನು ಹೊರಗೊಂದು ಹಲಗೆಯ ಮೇಲೆ ಬರೆದಿಡಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ತಿಳಿದ ಒಬ್ಬ ಮನುಷ್ಯ, ಒಂದು ಒಳ್ಳೆಯ ದೀಪ, ಎರಡು ಬೆಂಚು ಸಾಕು.

ಅಲಿ ಬರೀದನು ಬದುಕಿರುವಾಗಲೇ ಕಟ್ಟಿಸಿಕೊಂಡ ಗೋರಿ ಊರಿನ ಪಶ್ಚಿಮಕ್ಕೆ ಉದಗೀರ ರಸ್ತೆಯಲ್ಲಿದೆ. ನಾಲ್ಕು ಕಡೆಯೂ ತೆರೆದ ಮಂಟಪ. ಸುತ್ತ ಊರವರ ಉದ್ಯಾನ. ಮುಂಜಾನೆ ಅಲ್ಲಿ ನಿವೃತ್ತ ಮೇಷ್ಟ್ರುಗಳು ನಡೆದಾಡುವರು, ಸಂಜೆ ಮಕ್ಕಳು ಆಡುವರು. ಅಲ್ಲಿ ಬೀಗವಿಲ್ಲ.

ಅಜ್ಜಿಯ ಪ್ರಶ್ನೆಗೆ ನಾನೂ ಕಾವಲುಗಾರನೂ ಸೇರಿ, ಕುದುರೆಯ ವರ್ತಕನ ಕಥೆಯನ್ನೂ ಸೇರಿಸಿ, ಹೇಗೋ ಉತ್ತರ ಹೇಳಿದೆವು. ಹುಡುಗ ಕೇಳುತ್ತಿರಲಿಲ್ಲ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತ, ಚಿಪ್ಪಿನ ಬಣ್ಣ ಹೊರಳುವುದನ್ನು ನೋಡುತ್ತಿದ್ದನು. ಔರಾದದ ಬಸ್ಸಿಗೆ ಹೊತ್ತಾಯಿತೆಂದು ಅಜ್ಜಿ ಎರಡು ಸಲ ಕರೆಯಬೇಕಾಯಿತು.